ಮತದಾನದ ಹಿಂದಿನ ರಾತ್ರಿ ಬಾಗಿಲು ತೆರೆಯುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮತದಾರ ಬಂಧುಗಳೇ,

ಅಭ್ಯರ್ಥಿಗಳ ಸುಳ್ಳಿನ ಬಗ್ಗೆ, ಪಕ್ಷಗಳ ದುಡ್ಡಿನ ಬಗ್ಗೆ ಬರೆದದ್ದು, ಬೈದದ್ದು ಸಾಕಷ್ಟಾಗಿದೆ. ಈ ಪತ್ರ ಅವರಿಗಲ್ಲ, ನಮಗೆ. ಚುನಾವಣಾ ವೆಚ್ಚದ ಲೆಕ್ಕಪತ್ರ, ಅಭ್ಯರ್ಥಿಗಳ ಪ್ರಮಾಣಪತ್ರ, ಬೂತುವಾರು ಫಲಿತಾಂಶದ ಹಾಳೆ ಇವನ್ನೆಲ್ಲ ಕೂತು ಓದುವ ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಓದಿದಷ್ಟೂ ಒಂದು ಮಾತು ಖಚಿತವಾಗುತ್ತಾ ಹೋಗಿದೆ: ಮೋಸದ ಪ್ರಚಾರ ನಿಂತಿರುವುದು ಮೋಸ ಮಾಡುವವರ ಚಾತುರ್ಯದ ಮೇಲಲ್ಲ, ಅದನ್ನು ಬರಮಾಡಿಕೊಳ್ಳುವ ನಮ್ಮ ಅಭ್ಯಾಸದ ಮೇಲೆ.

ಮೊದಲು, ಊರೂರಲ್ಲಿ ಬುದ್ಧಿಮಾತಿನಂತೆ ಚಲಾವಣೆಯಲ್ಲಿರುವ ಒಂದು ವಾಕ್ಯ: 'ದುಡ್ಡು ಯಾರು ಕೊಟ್ಟರೂ ಇಸ್ಕೊಳ್ಳಿ, ಓಟು ಮಾತ್ರ ಮನಸ್ಸಿಗೆ ಬಂದವರಿಗೆ ಹಾಕಿ.' ಓದಿದವರು, ಮೇಷ್ಟ್ರುಗಳು, ಭಾಷಣಕಾರರು ಕೂಡ ಇದನ್ನು ಹೇಳುತ್ತಾರೆ. ಇದು ಮತದಾರನ ಜಾಣತನ ಎಂದು ನಂಬಿದವರೇ ಹೆಚ್ಚು. ನಮ್ಮ ಪ್ರಕಾರ ಇಡೀ ವ್ಯವಸ್ಥೆಗೆ ಅತಿ ಹೆಚ್ಚು ಹಾನಿ ಮಾಡಿದ ವಾಕ್ಯ ಇದೇ.

ಯಾಕೆಂದು ಲೆಕ್ಕದಲ್ಲೇ ನೋಡಿ. ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿ. 2018ರ ಚುನಾವಣೆಯಲ್ಲಿ ಅದು 28 ಲಕ್ಷ ಇತ್ತು. 2 ಲಕ್ಷ ಮತದಾರರ ಒಂದು ಕ್ಷೇತ್ರ ಎಂದುಕೊಳ್ಳಿ. ನಮ್ಮಲ್ಲಿ ಹೆಚ್ಚಿನ ಕ್ಷೇತ್ರಗಳು ಇದಕ್ಕಿಂತ ದೊಡ್ಡವೇ. ಅರ್ಧ ಜನಕ್ಕೆ ತಲೆಗೆ ಸಾವಿರ ರೂಪಾಯಿ ಹಂಚಿದರೆ 10 ಕೋಟಿ. ಕಾನೂನಿನ ಮಿತಿಯ 25 ಪಟ್ಟು, ಅದೂ ಒಂದೆರಡು ರಾತ್ರಿಯಲ್ಲಿ. ಎದುರಾಳಿಯೂ ಹಂಚುತ್ತಾನೆ, ಮೂರನೆಯವನೂ ಹಂಚುತ್ತಾನೆ. ಮೂವರಿಂದಲೂ ಇಸಿದುಕೊಂಡು ನೀವು ನಿಮ್ಮ ಮನಸ್ಸಿನಂತೆಯೇ ಮತ ಹಾಕಿದಿರಿ ಎನ್ನೋಣ. ಆಗ ಆ ದುಡ್ಡು ನಿಮ್ಮ ಮತವನ್ನು ಬದಲಿಸಲಿಲ್ಲ, ನಿಜ. ಆದರೆ ಅದರ ಕೆಲಸ ಅಷ್ಟರಲ್ಲಾಗಲೇ ಮುಗಿದಿತ್ತು. ಹತ್ತು ಕೋಟಿ ಹೊಂದಿಸಲಾಗದ ಶಾಲಾ ಶಿಕ್ಷಕಿ, ರೈತ ಸಂಘದ ಕಾರ್ಯಕರ್ತ, ಪಂಚಾಯಿತಿಯಲ್ಲಿ ಹತ್ತು ವರ್ಷ ಶುದ್ಧವಾಗಿ ದುಡಿದ ಹೆಣ್ಣುಮಗಳು ನಾಮಪತ್ರದ ಹತ್ತಿರವೇ ಸುಳಿಯಲಿಲ್ಲ. ಪಕ್ಷವೂ ಅವರಿಗೆ ಟಿಕೆಟ್ ಕೊಡಲಿಲ್ಲ. ಟಿಕೆಟ್ ಹಂಚುವಾಗ ಕೇಳುವ ಮೊದಲ ಪ್ರಶ್ನೆ 'ಎಷ್ಟು ಹಾಕ್ತೀಯ?' ಎಂಬುದು. ನೀವು ಇಸಿದುಕೊಳ್ಳುವ ಸಾವಿರ ರೂಪಾಯಿ ನಿಮ್ಮ ಮತದ ಬೆಲೆಯಲ್ಲ, ಹಂಚುವವರ ಪ್ರವೇಶ ಶುಲ್ಕ. ಮತಯಂತ್ರದ ಮೇಲೆ ಯಾರ ಹೆಸರು ಇರಬೇಕು ಎಂಬುದನ್ನು ಅದು ತೀರ್ಮಾನಿಸಿಬಿಡುತ್ತದೆ. ಆಮೇಲೆ 'ಎಲ್ಲರೂ ಕಳ್ಳರೇ, ಯಾರಿಗೆ ಹಾಕೋದು?' ಎಂದು ನಾವೇ ಕೇಳುತ್ತೇವೆ. ಕಳ್ಳರಲ್ಲದವರನ್ನು ಜರಡಿ ಹಿಡಿದು ಹೊರಗೆ ಹಾಕಿದ್ದರಲ್ಲಿ ನಮ್ಮ ಕೈಯೂ ಇದೆ.

ಸಾವಿರ ರೂಪಾಯಿಯನ್ನು ಐದು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ 55 ಪೈಸೆ ಬೀಳುತ್ತದೆ. ಇನ್ನೊಂದು ಕಡೆ, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಐದು ವರ್ಷಕ್ಕೆ 10 ಕೋಟಿ. ಹಂಚಿದ ದುಡ್ಡು ಅಷ್ಟೇ ಇದೆ ಎಂಬುದನ್ನು ಗಮನಿಸಿ. ಗೆದ್ದವನು ಹಾಕಿದ ಬಂಡವಾಳ ಸಂಬಳದಿಂದ ಎಂದೂ ವಾಪಸ್ ಬರುವುದಿಲ್ಲ. ಬರುವುದು ಕಾಮಗಾರಿಯ ಬಿಲ್ಲಿನಿಂದ, ವರ್ಗಾವಣೆಯಿಂದ, ಭೂ ಪರಿವರ್ತನೆಯಿಂದ. ನಿಮ್ಮ ಬೀದಿಯ ಕಾಂಕ್ರೀಟ್ ರಸ್ತೆಯನ್ನೇ ತೆಗೆದುಕೊಳ್ಳಿ. 100 ಮೀಟರ್ ಉದ್ದ, 3 ಮೀಟರ್ ಅಗಲ, ಅಂದಾಜುಪಟ್ಟಿಯಲ್ಲಿ 150 ಮಿಲಿಮೀಟರ್ ದಪ್ಪ ಎಂದಿದ್ದರೆ ಬೇಕಾದ ಕಾಂಕ್ರೀಟ್ 45 ಘನ ಮೀಟರ್. 100 ಮಿಲಿಮೀಟರ್ ಹಾಕಿ ಮುಗಿಸಿದರೆ 30 ಸಾಕು. ಉಳಿದ 15 ಘನ ಮೀಟರಿನ ಸಿಮೆಂಟು, ಜಲ್ಲಿ, ಮರಳು ರಸ್ತೆಗೆ ಬರಲಿಲ್ಲ, ಬಿಲ್ಲಿಗೆ ಮಾತ್ರ ಬಂತು. ಇದನ್ನು ಕಂಡುಹಿಡಿಯಲು ಎಂಜಿನಿಯರೇ ಆಗಬೇಕಿಲ್ಲ. ಅಂಚಿಗೆ ಮಣ್ಣು ತುಂಬುವ ಮೊದಲು, ಮೂರ್ನಾಲ್ಕು ಕಡೆ ಅಳತೆ ಪಟ್ಟಿ ಇಟ್ಟು, ಫೋಟೊ ತೆಗೆದು, ಮಾಹಿತಿ ಹಕ್ಕಿನಲ್ಲಿ ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ ಹೋಲಿಸಿದರೆ ಸಾಕು. ಆದರೆ ದುಡ್ಡು ಇಸಿದುಕೊಂಡ ಬೀದಿಯಲ್ಲಿ ಅಳತೆ ಪಟ್ಟಿ ಹಿಡಿಯಲು ಯಾರಿಗೂ ಕೈ ಬರುವುದಿಲ್ಲ. 'ನಿಂಗೂ ಕೊಟ್ಟಿದ್ವಲ್ಲ' ಎಂಬ ಒಂದು ಮಾತು ಸಾಕು ಸುಮ್ಮನಾಗಿಸಲು.

ಹಂಚುವ ಕ್ರಮ ಹೇಗಿದೆ ಎಂದು ತಿಳಿದರೆ ಅದು ಎಲ್ಲಿ ಮುರಿಯಬಲ್ಲದು ಎಂಬುದೂ ತಿಳಿಯುತ್ತದೆ. ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಹೆಸರು. ಒಂದು ಪುಟಕ್ಕೆ ಪಕ್ಷದ ಒಬ್ಬ ಕಾರ್ಯಕರ್ತ. ಹೆಸರಿನ ಮುಂದೆ ಗುರುತು: ನಮ್ಮವರು, ಅವರವರು, ಅತ್ತಿತ್ತ ತೂಗುವವರು. ಜಾತಿ, ಮನೆಯಲ್ಲಿರುವ ಮತ, ಬೆಂಗಳೂರಿಗೆ ದುಡಿಯಲು ಹೋದವರು, ಅವರಿಗೆ ಬಸ್ಸು ಬೇಕೇ ಎಲ್ಲವೂ ಅದರಲ್ಲಿರುತ್ತದೆ. ಮೇಲಿನಿಂದ ತಲೆಗೆ ಇಷ್ಟು ಎಂದು ಹೊರಟದ್ದು ನಡುವಿನ ಕೈಗಳಲ್ಲಿ ಕರಗಿ ಮನೆಗೆ ಕಡಿಮೆಯಾಗಿ ಮುಟ್ಟುತ್ತದೆ. ಆಗ ನಡೆಯುವ ಜಗಳ ನಮ್ಮನ್ನು ಅತಿ ಹೆಚ್ಚು ನೋಯಿಸುವ ಸಂಗತಿ. 'ಪಕ್ಕದ ಬೀದಿಗೆ ಕೊಟ್ಟರು, ನಮಗ್ಯಾಕೆ ಕೊಡಲಿಲ್ಲ' ಎಂದು ಮುಖಂಡರ ಮನೆಮುಂದೆ ಬಾಯಿಮಾಡುವ ಜನ, ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಬಂದಾಗ ಪಂಚಾಯಿತಿ ಮುಂದೆ ಅಷ್ಟೇ ಗಟ್ಟಿಯಾಗಿ ಕೂಗಿದ್ದರೆ ಊರು ಬೇರೆ ರೀತಿ ಇರುತ್ತಿತ್ತು.

ದಾಖಲೆ ಇಲ್ಲದೆ 50 ಸಾವಿರಕ್ಕಿಂತ ಹೆಚ್ಚು ನಗದು, 10 ಸಾವಿರಕ್ಕಿಂತ ಹೆಚ್ಚು ಬೆಲೆಯ ಉಡುಗೊರೆ ಅಭ್ಯರ್ಥಿಯ ಅಥವಾ ಕಾರ್ಯಕರ್ತರ ವಾಹನದಲ್ಲಿ ಸಿಕ್ಕರೆ ತಪಾಸಣಾ ತಂಡ ವಶಪಡಿಸಿಕೊಳ್ಳಬಹುದು. 10 ಲಕ್ಷ ದಾಟಿದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಅದಕ್ಕೇ ದುಡ್ಡು ಸಣ್ಣ ಕಟ್ಟುಗಳಾಗಿ, ವಾರಗಟ್ಟಲೆ ಮೊದಲೇ ಊರು ಸೇರಿರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನಗದು, ಮದ್ಯ, ಚಿನ್ನ, ಉಡುಗೊರೆ ಸೇರಿ ವಶವಾದದ್ದು ಸುಮಾರು 375 ಕೋಟಿ ಮೌಲ್ಯದ್ದು ಎಂದು ಚುನಾವಣಾ ಆಯೋಗ ಹೇಳಿತು. 2018ರಲ್ಲಿ ಅದು ಸುಮಾರು 84 ಕೋಟಿ. ಅದೂ ಸಿಕ್ಕಿಬಿದ್ದದ್ದರ ಲೆಕ್ಕ ಮಾತ್ರ.

ಕುಕ್ಕರು, ಸೀರೆ, ಗಡಿಯಾರ, ತೀರ್ಥಯಾತ್ರೆ ಇವೆಲ್ಲ ಸಂಕ್ರಾಂತಿ, ಶಿವರಾತ್ರಿಯ ಹೊತ್ತಿಗೇ ಮುಗಿದುಹೋಗುವುದಕ್ಕೂ ಕಾರಣವಿದೆ. ನೀತಿ ಸಂಹಿತೆ ಜಾರಿಯಾಗುವುದು ಚುನಾವಣೆ ಘೋಷಣೆಯಾದ ದಿನ. ಅಭ್ಯರ್ಥಿಯ ವೆಚ್ಚದ ಲೆಕ್ಕ ಶುರುವಾಗುವುದಂತೂ ಇನ್ನೂ ತಡವಾಗಿ: 1951ರ ಜನಪ್ರಾತಿನಿಧ್ಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ. 2023ರಲ್ಲಿ ಘೋಷಣೆ ಮಾರ್ಚ್ 29ಕ್ಕೆ, ನಾಮಪತ್ರ ಏಪ್ರಿಲ್ 13ರಿಂದ. ಅದಕ್ಕೂ ಮೊದಲು ಕೊಟ್ಟ ಕುಕ್ಕರು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಕಾನೂನಿನ ಈ ಕಂಡಿಯನ್ನು ಮುಚ್ಚಬೇಕಾದವರು ಸಂಸತ್ತಿನಲ್ಲಿದ್ದಾರೆ, ಮುಚ್ಚಿಲ್ಲ. ಪಕ್ಷಗಳ ಖರ್ಚಿಗೆ ಮಿತಿಯನ್ನೂ ಹಾಕಿಕೊಂಡಿಲ್ಲ. ಅಲ್ಲಿಯವರೆಗೆ ಕಂಡಿ ಮುಚ್ಚಲು ಉಳಿದಿರುವುದು ನಮ್ಮ ಮನೆಯ ಬಾಗಿಲು ಮಾತ್ರ.

ಈಚೆಗೆ ನಗದಿನ ಬದಲು ಕಾರ್ಡು, ಕೂಪನ್ನು ಬಂದಿವೆ. ಗೆದ್ದ ಮೇಲೆ ಅಂಗಡಿಗೆ ಹೋಗಿ ತೋರಿಸಿದರೆ ಇಷ್ಟು ಸಾವಿರದ ಸಾಮಾನು ಎನ್ನುತ್ತಾರೆ. ಇದರಲ್ಲಿ ಕೊಡುವವನಿಗೆ ಅಪಾಯವೇ ಇಲ್ಲ: ತಪಾಸಣೆಯಲ್ಲಿ ಸಿಕ್ಕಿದರೂ ಅದು ಬರೀ ಕಾಗದ, ಮತ ಎಣಿಕೆಯಾದ ಮೇಲೆ ಅಂಗಡಿಯವನು 'ನಮಗೂ ಇದಕ್ಕೂ ಸಂಬಂಧವಿಲ್ಲ' ಎನ್ನುತ್ತಾನೆ. ಅದಕ್ಕಿಂತ ದೊಡ್ಡ ನಷ್ಟ, ಕಾರ್ಡು ಕೊಡುವಾಗ ಬರೆಸಿಕೊಂಡ ನಿಮ್ಮ ಫೋನ್ ನಂಬರು ಮತ್ತು ಗುರುತಿನ ಚೀಟಿಯ ಸಂಖ್ಯೆ. 2018ರಲ್ಲಿ ಬೆಂಗಳೂರಿನ ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರ ಗುರುತಿನ ಚೀಟಿಗಳು ಸಿಕ್ಕಿ, ರಾಜರಾಜೇಶ್ವರಿ ನಗರದ ಮತದಾನವನ್ನು ಮೇ 12ರಿಂದ 28ಕ್ಕೆ ಮುಂದೂಡಬೇಕಾಯಿತು. ಅಷ್ಟೊಂದು ಚೀಟಿಗಳು ಮನೆಗಳಿಂದ ಆಚೆ ಬಂದಾಗ ಎಷ್ಟು ಜನ ಯಾಕೆ ಎಂದು ಕೇಳಿದ್ದರು? ಬೂತ್ ಮಟ್ಟದ ಅಧಿಕಾರಿಗೆ ಗುರುತಿನ ಪತ್ರ ಇರುತ್ತದೆ. ಅದನ್ನು ತೋರಿಸದವರಿಗೆ ಚೀಟಿಯನ್ನೂ ಕೊಡಬೇಡಿ, ನಂಬರನ್ನೂ ಹೇಳಬೇಡಿ.

ಆಣೆಯ ವಿಷಯಕ್ಕೆ ಬರಬೇಕು, ಯಾಕೆಂದರೆ ಒಳ್ಳೆಯ ಜನ ಸಿಕ್ಕಿಬೀಳುವುದು ಇಲ್ಲೇ. ದೇವರ ಫೋಟೊ ಮುಟ್ಟಿಸಿ, ಹಾಲು ಅಥವಾ ಅರಿಶಿನದ ಮೇಲೆ ಕೈ ಇಡಿಸಿ, ಮಂಜುನಾಥನ ಹೆಸರಲ್ಲೋ ಊರಮ್ಮನ ಹೆಸರಲ್ಲೋ ಮಾತು ತೆಗೆದುಕೊಳ್ಳುತ್ತಾರೆ. ದುಡ್ಡು ಮರೆತವರೂ ಆಣೆ ಮರೆಯುವುದಿಲ್ಲ. ಅಮ್ಮಂದಿರೇ, ಅಜ್ಜಂದಿರೇ, ಇದನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳಿ: ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ನಿನಲ್ಲಿ ಭ್ರಷ್ಟ ಆಚರಣೆ. ತಪ್ಪು ಮಾಡಿದವನು ಆಣೆ ಹಾಕಿಸಿದವನು. ಹೆದರಿಸಿ ಪಡೆದ ಮಾತಿಗೆ ನಮ್ಮ ಯಾವ ದೇವರೂ ಸಾಕ್ಷಿ ನಿಲ್ಲುವುದಿಲ್ಲ.

ಇನ್ನೊಂದು ಹೆದರಿಕೆ: 'ಯಾರಿಗೆ ಹಾಕಿದ್ರಿ ಅಂತ ನಮಗೆ ಗೊತ್ತಾಗುತ್ತೆ.' ಗೊತ್ತಾಗುವುದಿಲ್ಲ. ಗುಂಡಿ ಒತ್ತಿದ ಮೇಲೆ, ಮತ ಯಾರಿಗೆ ಬಿತ್ತೆಂದು ನಿಮಗೆ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸಿ ಮೊಹರು ಹಾಕಿದ ಪೆಟ್ಟಿಗೆಗೆ ಬೀಳುತ್ತದೆ, ಅದರ ಮೇಲೆ ನಿಮ್ಮ ಹೆಸರಿಲ್ಲ. ಅವರಿಗೆ ತಿಳಿಯುವುದು ಬೂತಿನ ಒಟ್ಟು ಲೆಕ್ಕ ಮಾತ್ರ. ನಮೂನೆ 20 ಎಂಬ ಫಲಿತಾಂಶದ ಹಾಳೆಯಲ್ಲಿ ಬೂತುವಾರು ಸಂಖ್ಯೆ ಪ್ರಕಟವಾಗುತ್ತದೆ. ಅದನ್ನೇ ಹಿಡಿದು 'ನಿಮ್ಮ ಕೇರಿ ನಮಗೆ ಹಾಕಿಲ್ಲ, ರಸ್ತೆ ಇಲ್ಲ' ಎನ್ನುವವರು ಇದ್ದಾರೆ. ಹಲವು ಬೂತುಗಳ ಮತವನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಯಂತ್ರ ಬಳಸಲು ಅನುಮತಿ ಕೊಡಿ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನಿಮ್ಮಲ್ಲಿಗೆ ಮತ ಕೇಳಲು ಬರುವ ಸಂಸತ್ ಅಭ್ಯರ್ಥಿಗೆ ಈ ಒಂದು ಪ್ರಶ್ನೆ ಕೇಳಿ ನೋಡಿ.

ಸುಳ್ಳು ಭರವಸೆಯ ಮಾತು. 2013ರಲ್ಲಿ ಸುಪ್ರೀಂ ಕೋರ್ಟ್, ತಮಿಳುನಾಡಿನ ಪ್ರಕರಣವೊಂದರಲ್ಲಿ, ಪ್ರಣಾಳಿಕೆಯ ಭರವಸೆಗಳು ಈಗಿನ ಕಾಯ್ದೆಯಡಿ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದು ಹೇಳಿ, ಮಾರ್ಗಸೂಚಿ ಮಾಡಲು ಆಯೋಗಕ್ಕೆ ಸೂಚಿಸಿತು. ಅದರಂತೆ ನೀತಿ ಸಂಹಿತೆಗೆ ಸೇರಿದ ಭಾಗ, ಭರವಸೆಗೆ ಹಣ ಎಲ್ಲಿಂದ ಎಂಬುದನ್ನು ಸ್ಥೂಲವಾಗಿಯಾದರೂ ಹೇಳಬೇಕು ಎನ್ನುತ್ತದೆ. ಹೇಳದಿದ್ದರೆ ಶಿಕ್ಷೆಯಿಲ್ಲ. ಹಾಗಾಗಿ ಪರೀಕ್ಷೆ ಮಾಡುವವರು ನಾವೇ. ಎಷ್ಟು ಜನರಿಗೆ, ತಲೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು, ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ? ಮನೆಯೊಡತಿಗೆ ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000; ಸುಮಾರು 1.2 ಕೋಟಿ ಕುಟುಂಬಕ್ಕೆ 28,800 ಕೋಟಿ. ಭರವಸೆಯಲ್ಲಿ ಅಂಕಿ ಇದ್ದರೆ ಪರವಾಗಿಯೋ ವಿರುದ್ಧವಾಗಿಯೋ ವಾದ ಮಾಡಬಹುದು, ಕಂತು ತಪ್ಪಿದಾಗ ಹಿಡಿದು ಕೇಳಬಹುದು. 'ತಾಲ್ಲೂಕಿನ ಚಿತ್ರಣವನ್ನೇ ಬದಲಿಸುತ್ತೇನೆ' ಎಂಬ ಭರವಸೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಅದಕ್ಕೂ ಮುಂಚೆ ಕೇಳಬೇಕಾದದ್ದು, ಇದು ಈತನ ಕೈಯಲ್ಲಿದೆಯೇ ಎಂಬುದು. ಮಹದಾಯಿ ಕೊಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆಯನ್ನು ನೋಡಿ. ನರಗುಂದದಲ್ಲಿ ರೈತರ ಧರಣಿ ಶುರುವಾದದ್ದು 2015ರ ಜುಲೈನಲ್ಲಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9. ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರುವರಿಯಲ್ಲಿ, ವಿಸ್ತೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿದ್ದು ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿದ್ದಾಗ, 2022ರ ಡಿಸೆಂಬರ್‌ನಲ್ಲಿ. ಆಮೇಲೂ ಖಾನಾಪುರದ ಕಾಡಿಗೆ ಅರಣ್ಯ ಮತ್ತು ವನ್ಯಜೀವಿ ಅನುಮತಿ ಬೇಕಿತ್ತು. ಚುನಾವಣೆಯಿಂದ ಚುನಾವಣೆಗೆ 'ಗೆದ್ದ ಕೂಡಲೇ ನೀರು' ಎಂಬ ಭಾಷಣ ಧಾರವಾಡ, ಗದಗ ಸೀಮೆಯ ಜನ ಕೇಳಿದ್ದಾರೆ. ಯಾವ ಅನುಮತಿ ಬಾಕಿ ಇದೆ, ಯಾವ ಮಂಡಳಿಯ ಮುಂದೆ, ಯಾವ ದಿನಾಂಕದಿಂದ ಎಂದು ವೇದಿಕೆಯ ಮುಂದೆ ಒಬ್ಬರು ಎದ್ದು ಕೇಳಿದರೆ ಮುಂದಿನ ವಾಕ್ಯ ತಡವರಿಸುತ್ತದೆ.

ಕೊನೆಯ ಎರಡು ದಿನ ಸುಳ್ಳಿನ ಸುಗ್ಗಿ. ಅಭ್ಯರ್ಥಿ ಕಣದಿಂದ ಹಿಂದೆ ಸರಿದರಂತೆ, ನಿವೃತ್ತಿ ಘೋಷಿಸಿದರಂತೆ ಎಂದು ವಾಟ್ಸಾಪಿನಲ್ಲಿ ಬರುತ್ತದೆ. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ ಯಾರೂ ಕಣದಿಂದ ಸರಿಯಲು ಬರುವುದಿಲ್ಲ, ಹೆಸರು ಯಂತ್ರದ ಮೇಲೆ ಇದ್ದೇ ಇರುತ್ತದೆ. ಅಂಥ ಸಂದೇಶವನ್ನು ಓದಿದ ತಕ್ಷಣ ಅಳಿಸಿಹಾಕಬಹುದು. ಕರಪತ್ರ ಸಿಕ್ಕರೆ ಕೆಳಗಿನ ಸಾಲು ನೋಡಿ. ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದ ಕರಪತ್ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ನಿನಡಿ ಅಪರಾಧ, ಆರು ತಿಂಗಳವರೆಗೆ ಜೈಲು. ಜಾತಿ ಎತ್ತಿ ಬೈದ ಆಡಿಯೊ ತುಣುಕು ಬಂದರೆ, ಪೂರ್ತಿ ಭಾಷಣ ಎಲ್ಲಿದೆ ಎಂದು ಕಳಿಸಿದವರನ್ನೇ ಕೇಳಿ. ಈಗ ಧ್ವನಿಯನ್ನೂ ಮುಖವನ್ನೂ ಯಂತ್ರವೇ ತಯಾರಿಸುತ್ತದೆ. ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಅಂಥವನ್ನು ತೆಗೆಯಬೇಕು ಎಂದು ಆಯೋಗ 2024ರ ಮೇನಲ್ಲಿ ಪಕ್ಷಗಳಿಗೆ ಹೇಳಿದೆ. ಮೂರು ಗಂಟೆಯಲ್ಲಿ ಅದು ಇಡೀ ತಾಲ್ಲೂಕು ಸುತ್ತಿರುತ್ತದೆ, ಸುತ್ತಿಸಿದವರು ನಾವೇ ಆಗಿರುತ್ತೇವೆ.

ದೂರು ಕೊಡುವುದು ಕಷ್ಟವಲ್ಲ, ಸರಿಯಾಗಿ ಕೊಡುವುದು ಕಷ್ಟ. ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಚುನಾವಣಾ ಆಯೋಗದ ಸಿ-ವಿಜಿಲ್ ಎಂಬ ದೂರಿನ ಆ್ಯಪ್ ಇದೆ. ಆ್ಯಪಿನೊಳಗಿಂದಲೇ ಫೋಟೊ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ತೆಗೆಯಬೇಕು, ಐದು ನಿಮಿಷದಲ್ಲಿ ಕಳಿಸಬೇಕು. ಮೊದಲೇ ತೆಗೆದಿಟ್ಟ ವಿಡಿಯೊ ಹಾಕಲು ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಜಿಪಿಎಸ್ ಮೊದಲೇ ಆನ್ ಮಾಡಿಟ್ಟಿರಿ. ದೂರು ಐದು ನಿಮಿಷದಲ್ಲಿ ಸಂಚಾರಿ ದಳಕ್ಕೆ, ದಳ 15 ನಿಮಿಷದಲ್ಲಿ ಜಾಗಕ್ಕೆ, 30 ನಿಮಿಷದಲ್ಲಿ ಪರಿಶೀಲನೆ, 50 ನಿಮಿಷದಲ್ಲಿ ಚುನಾವಣಾಧಿಕಾರಿಯ ತೀರ್ಮಾನ, ಒಟ್ಟು 100 ನಿಮಿಷ ಎಂಬುದು ನಿಯಮ. ಕತ್ತಲಲ್ಲಿ ಬರೀ ಕೈಗಳು ಕಾಣುವ ವಿಡಿಯೊ ಬಿದ್ದುಹೋಗುತ್ತದೆ. ಗಾಡಿ ನಂಬರು, ಮನೆ ಅಥವಾ ದೇವಸ್ಥಾನದ ಗುರುತು, ಚಿಹ್ನೆ ಇರುವ ಚೀಟಿ ಇವುಗಳಲ್ಲಿ ಒಂದಾದರೂ ಚೌಕಟ್ಟಿನೊಳಗೆ ಇರಲಿ. ಹೆಸರು ಹೇಳದೆಯೂ ಕಳಿಸಬಹುದು, ಆದರೆ ಮುಂದೇನಾಯಿತು ಎಂಬ ಮಾಹಿತಿ ಆಗ ಬರುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಪಂಚಾಯಿತಿ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗ ನಡೆಸುವುದರಿಂದ ಅಲ್ಲಿ ಈ ಆ್ಯಪ್ ಇಲ್ಲ. ತಹಶೀಲ್ದಾರರಿಗೆ, ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿಯ ರೋಗವೂ ಬೇರೆ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬಳ್ಳಾರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ದುಡ್ಡು ದೇವಸ್ಥಾನಕ್ಕೆ ತಾನೇ, ಅವಿರೋಧ ಆಯ್ಕೆ ಊರಿಗೆ ಒಳ್ಳೆಯದು ತಾನೇ ಎಂಬ ಸಮಾಧಾನ ಬೇರೆ. ಹರಾಜಿನಲ್ಲಿ ಕೂಗಲು ದುಡ್ಡಿಲ್ಲದ ಕೇರಿಯವರ ಮತ ಅಂದು ಗುಡಿಯ ಕಟ್ಟೆಯ ಮೇಲೆ ಮಾರಾಟವಾಯಿತು, ಅವರನ್ನು ಕೇಳದೆಯೇ. ಇದನ್ನು ನೋಡುತ್ತ ಕೂತ ಹಿರಿಯರ ಮೇಲೆ ನಮಗೆ ಬಹಳ ಸಿಟ್ಟಿದೆ.

ಲಂಚ ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ. ಹಿಂದೆ ದಂಡ ಸಂಹಿತೆಯ 171ಬಿ, ಈಗ ಭಾರತೀಯ ನ್ಯಾಯ ಸಂಹಿತೆಯ 170. ಶಿಕ್ಷೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಬಡವರನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವವರಿಗೆ ಐನೂರು ರೂಪಾಯಿ ಎಷ್ಟು ದೊಡ್ಡದು ಎಂದು ಬಲ್ಲೆವು. ನಮ್ಮ ಸಿಟ್ಟು ಹೆಚ್ಚು ಇರುವುದು ಉಳ್ಳವರ ಮೇಲೆ: ಅಪಾರ್ಟ್‌ಮೆಂಟಿಗೆ ಜನರೇಟರ್, ಸಮುದಾಯ ಭವನಕ್ಕೆ ಚೆಕ್, ಸಂಘದ ಪ್ರವಾಸಕ್ಕೆ ಬಸ್ಸು ಪಡೆದು ಅದನ್ನು ಸಹಾಯ ಎಂದು ಕರೆಯುವವರ ಮೇಲೆ.

ನ್ಯಾಯಾಲಯ ಕೊನೆಯ ಬಾಗಿಲು, ನಿಧಾನದ ಬಾಗಿಲು. ತುಮಕೂರು ಗ್ರಾಮಾಂತರ ಕ್ಷೇತ್ರದ 2018ರ ಆಯ್ಕೆಯನ್ನು, ನಕಲಿ ವಿಮಾ ಬಾಂಡು ಹಂಚಿದ ಆರೋಪದ ಅರ್ಜಿಯ ಮೇಲೆ, ಹೈಕೋರ್ಟ್ ಅಸಿಂಧು ಎಂದು ಘೋಷಿಸಿದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆಯ ದಿನಾಂಕ ಘೋಷಣೆಯಾಗಿ ಒಂದು ದಿನವಾಗಿತ್ತು. ಇಂಥ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ.

ಆದರೂ ಆ ಬಾಗಿಲು ಅಭ್ಯರ್ಥಿಗಳಿಗೆ ಮಾತ್ರ ಇರುವುದಲ್ಲ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕ್ಷೇತ್ರದ ಯಾವ ಮತದಾರರೂ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಭದ್ರತಾ ಠೇವಣಿ 2,000 ರೂಪಾಯಿ, ವಕೀಲರ ಖರ್ಚು ಬೇರೆ. ಅಭ್ಯರ್ಥಿ ತನ್ನ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕಾದದ್ದು 30 ದಿನದೊಳಗೆ. ಆ ಲೆಕ್ಕ ನೋಡಿ ಅರ್ಜಿ ಹಾಕಲು ನಡುವೆ ಉಳಿಯುವುದು 15 ದಿನ. ಆ ಲೆಕ್ಕವನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ನೋಡಬಹುದು, ಪ್ರತಿಗೆ ನಿಗದಿತ ಶುಲ್ಕ ಕೊಡಬೇಕು. ಹೋಗುವಾಗ ನಿಮ್ಮೂರಿನ ಸಭೆಯ ಫೋಟೊ, ದಿನಾಂಕ, ಕುರ್ಚಿ ಮತ್ತು ಬಸ್ಸುಗಳ ಎಣಿಕೆ ಬರೆದಿಟ್ಟುಕೊಂಡಿರಿ. ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಊಟಕ್ಕೆ ಇಷ್ಟು ಎಂದು ಜಿಲ್ಲಾಡಳಿತವೇ ದರಪಟ್ಟಿ ನಿಗದಿ ಮಾಡಿರುತ್ತದೆ, ಅದರ ಪ್ರತಿಯನ್ನೂ ಕೇಳಿ. ಅಧಿಕಾರಿಗಳ ತಂಡ ಸ್ವತಂತ್ರವಾಗಿ ಬರೆದ ನೆರಳು ವೀಕ್ಷಣಾ ರಿಜಿಸ್ಟರನ್ನು ಅಭ್ಯರ್ಥಿಯ ಲೆಕ್ಕದ ಪಕ್ಕದಲ್ಲಿಟ್ಟು ಓದಿ. ನೀವು ಎಣಿಸಿದ ಮೂರು ಸಾವಿರ ಕುರ್ಚಿ ಅಲ್ಲಿ ಮುನ್ನೂರಾಗಿದ್ದರೆ, ಆ ಪುಟದ ದೃಢೀಕೃತ ಪ್ರತಿ ಪಡೆದು ಅಂದೇ ಲಿಖಿತ ಆಕ್ಷೇಪ ಸಲ್ಲಿಸಿ, ಸ್ವೀಕೃತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.

ಇತಿ,
ಚುನಾವಣೆಯ ಲೆಕ್ಕ ಓದುವ ನಿಮ್ಮವರು